ತೆರೆದ ಪೋರ್ಟ್ ವೈನ್ ನಮ್ಮ ಬಿಸಿಲಿನಲ್ಲಿ ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ (ಕಲಬುರಗಿ):
ಪೋರ್ಚುಗಲ್‌ನಿಂದ ಬಂದ ಬೀಗರೊಬ್ಬರು ಒಂದು ಟಾನಿ (ಮರದ ಪೀಪಾಯಿಯಲ್ಲಿ ಹಳೆಯದಾಗಿಸಿದ ಪೋರ್ಟ್), ಒಂದು ವಿಂಟೇಜ್ (ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿ, ಬಾಟಲಿಯಲ್ಲೇ ಹಳೆಯದಾಗಲು ಬಿಡುವ) ಪೋರ್ಟ್ ಬಾಟಲಿ ಕೊಟ್ಟಿದ್ದಾರೆ. ಮಾರ್ಚ್‌ನಲ್ಲಿ ತೆರೆದ ಟಾನಿ ಅರ್ಧ ಉಳಿದು, ಬೇಸಿಗೆಯುದ್ದಕ್ಕೂ ಅಡುಗೆಮನೆಯ ಸಜ್ಜಾದ ಮೇಲೆ ಇತ್ತು. ಈಗ ಅದರಲ್ಲಿ ಮೊದಲಿನ ಪರಿಮಳವಿಲ್ಲ. ಮದ್ಯಸಾರ ಹೆಚ್ಚಿರುವ ವೈನ್ ಕೆಡುವುದೇ ಇಲ್ಲ ಎನ್ನುತ್ತಾರೆ, ನಿಜವೇ? ತೆರೆಯದ ವಿಂಟೇಜನ್ನು ಎಲ್ಲಿಡಬೇಕು?

ಉತ್ತರ (ಬೀದರ್):
ಆ ಮಾತು ಅರ್ಧ ಮಾತ್ರ ನಿಜ, ಸರ್. ಪೋರ್ಟ್ ತಯಾರಿಸುವಾಗ ಹುದುಗುವಿಕೆ ಮುಗಿಯುವ ಮೊದಲೇ ದ್ರಾಕ್ಷಿಯ ಸ್ಪಿರಿಟ್ ಬೆರೆಸುವುದರಿಂದ ಯೀಸ್ಟ್ ಸತ್ತು, ಹಣ್ಣಿನ ಸಕ್ಕರೆ ಹಾಗೆಯೇ ಉಳಿದು, ಮದ್ಯಸಾರ ಸಾಮಾನ್ಯವಾಗಿ ಶೇ 19ರಿಂದ 22ರಷ್ಟಾಗುತ್ತದೆ. ಅಷ್ಟು ಮದ್ಯಸಾರದಲ್ಲಿ ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲಾರವು. ಆದರೆ ಅರ್ಧ ಖಾಲಿಯಾದ ಬಾಟಲಿಯೊಳಗಿನ ಗಾಳಿ ಪರಿಮಳವನ್ನು ದಿನೇ ದಿನೇ ಕುಂದಿಸುತ್ತದೆ, ಉಷ್ಣತೆ ಏರಿದಷ್ಟೂ ಆ ಕ್ರಿಯೆ ಚುರುಕಾಗುತ್ತದೆ. 40 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ, ದಿನವಿಡೀ ಕಾಯ್ದ ಆರ್‌ಸಿಸಿ ಚಾವಣಿಯ ಕೆಳಗಿನ ಸಜ್ಜಾ ವೈನಿಗೆ ತೀರ ಕೆಟ್ಟ ಜಾಗ.

ಪರೀಕ್ಷೆಯನ್ನು ಮೂಗಿನಿಂದಲೇ ಮಾಡಬೇಕು, ಏಕೆಂದರೆ ಟಾನಿ ಪೀಪಾಯಿಯಲ್ಲಿರುವಾಗಲೇ ಕಂದುಬಣ್ಣಕ್ಕೆ ತಿರುಗಿರುತ್ತದೆ. ಗ್ಲಾಸಿಗೆ ಎರಡು ಚಮಚ ಸುರಿದು, ಸ್ವಲ್ಪ ತಿರುಗಿಸಿ ಮೂಸಿ ನೋಡಿರಿ. ಅಕ್ರೋಟು, ಅಂಜೂರದ ವಾಸನೆ ಅದಕ್ಕೆ ಸಹಜ. ಅದು ಹೋಗಿ ಬರಿಯ ಸಿಹಿ ಮತ್ತು ಸ್ಪಿರಿಟ್ಟಿನ ಖಾರವಷ್ಟೇ ಉಳಿದಿದ್ದರೆ ಸತ್ವ ಹೋಗಿದೆ ಎಂದರ್ಥ. ಅದರಿಂದ ಅಪಾಯವಿಲ್ಲ, ಕ್ರಿಸ್ಮಸ್ ಕೇಕಿನ ದ್ರಾಕ್ಷಿ-ಗೋಡಂಬಿ ನೆನೆಸಲು ಬಳಸಬಹುದು. ಉಗುರುಬಣ್ಣದಂಥ ಕಟುವಾಸನೆ ಬಂದರೆ ಮಾತ್ರ ಚೆಲ್ಲಿಬಿಡಿರಿ.

ಉತ್ತರ (ಯಾದಗಿರಿ):
ವಿಂಟೇಜ್ ಬಾಟಲಿಯನ್ನು ಕಾರ್ಕ್ ಒಣಗದಂತೆ ಅಡ್ಡ ಮಲಗಿಸಿ, ಕತ್ತಲಲ್ಲಿ, 12ರಿಂದ 15 ಡಿಗ್ರಿಯಲ್ಲಿಡಬೇಕು. ಶಹಾಬಾದಿ ಕಲ್ಲಿನ ತಣ್ಣನೆಯ ಕೋಣೆಯೂ ಬೇಸಿಗೆಯಲ್ಲಿ ಅಷ್ಟಕ್ಕೆ ಇಳಿಯುವುದಿಲ್ಲವಾದ್ದರಿಂದ, ಆ ತಿಂಗಳುಗಳಲ್ಲಿ ಫ್ರಿಜ್ಜಿನ ಕೆಳಗಿನ ಭಾಗವೇ ವಾಸಿ. ಕಾರ್ಕ್ ಮೇಲೆದ್ದಿದ್ದರೆ ಅಥವಾ ಕುತ್ತಿಗೆಯ ಸುತ್ತ ಅಂಟಂಟಾದ ಸೋರಿಕೆ ಕಂಡರೆ ಕಾವು ತಗುಲಿದೆಯೆಂದು ತಿಳಿಯಿರಿ. ತಳದಲ್ಲಿರುವ ಗಸಿ ಕೆಟ್ಟ ಲಕ್ಷಣವಲ್ಲ, ಒಂದು ದಿನ ನೆಟ್ಟಗೆ ನಿಲ್ಲಿಸಿ ನಿಧಾನವಾಗಿ ಬಗ್ಗಿಸಿಕೊಂಡರೆ ಸಾಕು. ತೆರೆದ ಮೇಲೆ ಎರಡು ಮೂರು ದಿನಗಳಲ್ಲಿ ಮುಗಿಸಿರಿ. ಟಾನಿಯಾದರೆ ಫ್ರಿಜ್ಜಿನಲ್ಲಿ ಒಂದೆರಡು ತಿಂಗಳು ತಡೆಯುತ್ತದೆ, ಉಳಿದದ್ದನ್ನು ಚಿಕ್ಕ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ ಕೇಳಿದವರು:
ಅಕ್ರೋಟಿನ ವಾಸನೆ ತೆಳುವಾಗಿ ಉಳಿದಿದೆ, ಕಟುವಾಸನೆ ಇಲ್ಲ. ಕೇಕಿಗೆ ಎತ್ತಿಟ್ಟೆವು. ನಮ್ಮ ಅಂಗಡಿಗಳಲ್ಲಿ ಪೋರ್ಟ್ ಎಂದು ಸಿಗುವ ವೈನಿಗೂ ಇದೇ ಲೆಕ್ಕವೇ?

ಉತ್ತರ (ಬೀದರ್):
ಅಲ್ಲ. ಲೇಬಲ್ಲಿನಲ್ಲಿ ಮದ್ಯಸಾರದ ಪ್ರಮಾಣ ನೋಡಿರಿ. ಶೇ 15ಕ್ಕಿಂತ ಕಡಿಮೆಯಿದ್ದರೆ, ಹೆಸರು ಏನೇ ಇರಲಿ, ಅದನ್ನು ಸಾಮಾನ್ಯ ಸಿಹಿ ವೈನೆಂದೇ ಎಣಿಸಿ, ತೆರೆದ ಕೂಡಲೇ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು. ಅದು ನಿಜವಾಗಿಯೂ ಹುಳಿಯಾಗುತ್ತದೆ.