ಕೃತಕ ಮಂಡಿಯಲ್ಲಿ ಕೀಲುದ್ರವ ಬತ್ತಿಹೋಗುತ್ತದೆಯೇ?

ಮಂಡಿಚಿಪ್ಪು: ಅಮ್ಮನ ಎಡಮಂಡಿಗೆ ಕೃತಕ ಕೀಲು ಹಾಕಿ ವರ್ಷವಾಗಿದೆ, ಈಗ ಮತ್ತೆ ಊದಿಕೊಂಡಿದೆ. ಲೋಹ, ಪ್ಲಾಸ್ಟಿಕ್ ಕೂರಿಸಿದ ಮೇಲೆ ಕೀಲುದ್ರವ ಬತ್ತಿಹೋಗುತ್ತದೆ ಎನ್ನುವವರು, ಈ ಊತದೊಳಗೆ ಇರುವುದೇನು ಎಂದು ಹೇಳಲಿ.

ಕೀಲುಮೂಳೆ: ಬತ್ತುವುದಿಲ್ಲ. ಸರ್ಜನ್ ತೆಗೆಯುವುದು ಸವೆದ ಮೃದ್ವಸ್ಥಿಯನ್ನು, ಅದರಡಿಯ ತೆಳು ಮೂಳೆಯನ್ನು. ದ್ರವ ಒಸರುವ ಸೈನೋವಿಯಲ್ ಪೊರೆ ಬಹುಪಾಲು ಉಳಿಯುತ್ತದೆ, ಕತ್ತರಿಸಿದಲ್ಲಿ ಮತ್ತೆ ಬೆಳೆಯುತ್ತದೆ. ಹಯಲುರೋನಿಕ್ ಆಮ್ಲ ತಗ್ಗಿದರೆ ದ್ರವದ ಲೋಳೆತನ ಕಡಿಮೆಯಾಗುತ್ತದೆ, ಅಷ್ಟೆ.

ಪ್ರಯೋಗಶಾಲೆ: "ಲೋಳೆತನ ಕಡಿಮೆ" ಎಂದಿರಲ್ಲ, ಕೃತಕ ಕೀಲಿಗೆ ಅದು ಬೇಕಾಗಿಯೂ ಇಲ್ಲ. ಐಎಸ್‌ಒ 14243 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ, ಕೃತಕ ಮಂಡಿಯನ್ನು ನಡಿಗೆಯಂತೆ ಆಡಿಸಿ ಸವೆತ ಅಳೆಯುವ ಯಂತ್ರಕ್ಕೆ ಹಾಕುವುದು ನೀರು ಬೆರೆಸಿದ ಕರುವಿನ ಸೀರಂ, ಅಂದರೆ ರಕ್ತದ ತಿಳಿದ್ರವ. 50 ಲಕ್ಷ ಆವರ್ತನ (ಒಂದು ಹೆಜ್ಜೆಯ ಚಲನೆಗೆ ಒಂದು) ಅದರಲ್ಲೇ ನಡೆಯುತ್ತದೆ.

ಕೀಲುಮೂಳೆ: ಕರುವಿನ ಸೀರಂ! ಮನುಷ್ಯನ ಮಂಡಿಯ ಮಾತಾಡುವಾಗ ಕರುವಿನ ರಕ್ತ ತಂದು ಸುರಿಯುತ್ತೀರಿ.

ಪ್ರಯೋಗಶಾಲೆ: ಸುರಿಯುವುದಕ್ಕೆ ಕಾರಣವಿದೆ. ಬರೀ ನೀರಿನಲ್ಲಿ ಉಜ್ಜಿದರೆ ಪಾಲಿಎಥಿಲೀನ್ ಪ್ಲಾಸ್ಟಿಕ್ ಪದರವಾಗಿ ಕೋಬಾಲ್ಟ್-ಕ್ರೋಮಿಯಂ ಲೋಹದ ಮೇಲೆ ಅಂಟಿಕೊಳ್ಳುತ್ತದೆ. ಸೀರಂನ ಪ್ರೋಟೀನ್ ಅದನ್ನು ತಡೆಯುತ್ತದೆ. ಜೀವಂತ ಮಂಡಿಯಲ್ಲೂ ಕಾಯುವುದು ಪ್ರೋಟೀನ್.

ನಡಿಗೆ: "ಕಾಯುವುದು ಪ್ರೋಟೀನ್" ಎಂದರೆ ನಿಮ್ಮ ಸೀರಂ ಅನ್ನು ಕಾಯುವವರು ಯಾರು? ಕೆಡದಿರಲೆಂದು ಅದಕ್ಕೆ ರಾಸಾಯನಿಕ ಬೆರೆಸುತ್ತೀರಿ, 5 ಲಕ್ಷ ಆವರ್ತನದೊಳಗೆ ಚೆಲ್ಲಿ ಹೊಸದು ತುಂಬುತ್ತೀರಿ. ಮಂಡಿ ತನ್ನ ದ್ರವವನ್ನು ತಾನೇ ಹೊಸದಾಗಿಸಿಕೊಳ್ಳುತ್ತದೆ. ಈ ಎರಡನ್ನು ಒಂದೇ ತಕ್ಕಡಿಗೆ ಹಾಕಬೇಡಿ.

ಪ್ರಯೋಗಶಾಲೆ: ಚೆಲ್ಲುವ ಸೀರಂನಿಂದಲೇ ಸವೆತದ ಕಣಗಳನ್ನು ಸೋಸಿ ನೋಡುತ್ತೇವೆ, ಪ್ಲಾಸ್ಟಿಕ್ ಭಾಗವನ್ನು ತೂಗಿ ಸವೆತ ಅಳೆಯುತ್ತೇವೆ! ಆ ಲೆಕ್ಕವಿಲ್ಲದಿದ್ದರೆ ಯಾವ ಪ್ಲಾಸ್ಟಿಕ್ ಬಾಳುತ್ತದೆಂದು ನಿಮಗೆ ಗೊತ್ತಾಗುತ್ತಿರಲಿಲ್ಲ.

ಕೀಲುಮೂಳೆ: ಕಣಗಳ ಮಾತು ನೀವೇ ತೆಗೆದಿರಿ. ಮಂಡಿಯಲ್ಲಿ ಅವನ್ನು ಸೋಸುವವರಿಲ್ಲ. ಮೈಯ ಕಸ ನುಂಗುವ ಮ್ಯಾಕ್ರೋಫೇಜ್ ಕೋಶಗಳು ಅವನ್ನು ನುಂಗುತ್ತವೆ, ಉರಿಯೂತ ಏಳುತ್ತದೆ, ದ್ರವ ಹೆಚ್ಚುತ್ತದೆ, ಕೊನೆಗೆ ಸುತ್ತಲ ಮೂಳೆಯೂ ಕರಗುತ್ತದೆ. ನಿಮ್ಮ ಯಂತ್ರ ಇದರಲ್ಲಿ ಒಂದನ್ನೂ ತೋರಿಸುವುದಿಲ್ಲ.

ಮಂಡಿಚಿಪ್ಪು: ನಾನು ಕೇಳಿದ್ದು ಅಮ್ಮನ ಊತದ ಬಗ್ಗೆ. ಕರುವನ್ನು ಬಿಟ್ಟು ಅದಕ್ಕೆ ಉತ್ತರ ಕೊಡಿ.

ನಡಿಗೆ: ಊತಕ್ಕೆ ಸವೆತವೊಂದೇ ಕಾರಣವಲ್ಲ, ಸೋಂಕೂ ಇರಬಹುದು. ತಡಮಾಡದೆ ಸರ್ಜನ್‌ಗೆ ತೋರಿಸಿ, ಸೂಜಿಯಿಂದ ದ್ರವ ತೆಗೆಸಿ ಬಿಳಿ ರಕ್ತಕಣ ಎಣಿಸಲಿ. ಸಹಜ ಮಂಡಿಯಲ್ಲಿ 50,000 ದಾಟಿದಾಗ ಸೋಂಕಿನ ಶಂಕೆ ಬಲವಾಗುತ್ತದೆ. ಕೃತಕ ಮಂಡಿಗೆ ಮೈಕ್ರೋಲೀಟರಿಗೆ 3,000 ದಾಟಿದರೂ ಎಚ್ಚರ ಬೇಕು.

ಪ್ರಯೋಗಶಾಲೆ: "3,000" ಎಲ್ಲರಿಗೂ ಅಲ್ಲ. ಶಸ್ತ್ರಚಿಕಿತ್ಸೆಯ ಹೊಸತರಲ್ಲಿ ಆ ಗಡಿ 10,000.

ನಡಿಗೆ: ವರ್ಷ ಕಳೆದಿದೆ ಎಂದು ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಓದಿ ಉತ್ತರಿಸಿ.