ಸಹಾಯ ಬೇಕು: ಯಾವ ಕಾಯಿಲೆಯಿಂದ ಯಾವುದು ಬಂತು ಅಂತ ಕಂಪ್ಯೂಟರ್‌ಗೆ ಹೇಗೆ ಕಲಿಸುವುದು?

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ಗಾಗಿ ಪಬ್‌ಮೆಡ್ (ವೈದ್ಯಕೀಯ ಸಂಶೋಧನಾ ಲೇಖನಗಳ ಆನ್‌ಲೈನ್ ಭಂಡಾರ) ಸಾರಾಂಶಗಳಿಂದ 'ಈ ಕಾಯಿಲೆಯಿಂದ ಆ ಕಾಯಿಲೆ' ಎನ್ನುವ ಜೋಡಿಗಳನ್ನು ಹೆಕ್ಕುತ್ತಿದ್ದೇನೆ. ಕಾಯಿಲೆಗಳ ಹೆಸರು ಗುರುತಿಸುವ ಕೆಲಸ ವೈದ್ಯಕೀಯ ಬರಹಗಳನ್ನು ಓದಿಸಿ ಕಲಿಸಿದ ಬಯೋಬರ್ಟ್ ಎಂಬ ಭಾಷಾ ಮಾಡೆಲ್‌ನಿಂದ ಸಲೀಸಾಗಿ ಆಗುತ್ತಿದೆ. ತಲೆನೋವೆಲ್ಲ ಅವುಗಳ ಸಂಬಂಧದ್ದೇ.

ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹಾಳಾಯಿತು ಎಂದು ನೇರವಾಗಿ ಬರೆದಿದ್ದರೆ ಸರಿ. ಆದರೆ 'ನಂಟು ಕಂಡುಬಂದಿದೆ' ಎಂದಷ್ಟೇ ಇದ್ದರೂ ನನ್ನ ಮಾಡೆಲ್ ಅದನ್ನು ಕಾರಣ ಎಂದೇ ಎಣಿಸುತ್ತದೆ. 'ಇದು ಕಾರಣವಲ್ಲ' ಎಂದಿದ್ದರೂ ಅಷ್ಟೇ, ಮಹಾಶಯ ಉಲ್ಟಾ ಓದುತ್ತಾನೆ! ಬಿಪಿಯದ್ದು ಇನ್ನೂ ಗೋಜಲು. ಬಿಪಿಯಿಂದ ಕಿಡ್ನಿ ಕೆಡುತ್ತದೆ, ಕಿಡ್ನಿ ಕೆಟ್ಟರೆ ಬಿಪಿ ಏರುತ್ತದೆ. ಎರಡೂ ನಿಜ. ಬಾಣದ ಗುರುತು ಯಾವ ಕಡೆಗೆ ಹಾಕಲಿ?

ಬಿಸಿ5ಸಿಡಿಆರ್ ಎಂಬ, ಮೊದಲೇ ಗುರುತು ಹಾಕಿಟ್ಟ ಡೇಟಾಸೆಟ್‌ನ 1,500 ಲೇಖನಗಳನ್ನು ನೋಡಿದೆ. ಅಲ್ಲಿರುವುದು ರಾಸಾಯನಿಕ ಮತ್ತು ಕಾಯಿಲೆಯ ಜೋಡಿ, ನನಗೆ ಬೇಕಿರುವುದು ಕಾಯಿಲೆ-ಕಾಯಿಲೆಯದ್ದು. ಪಬ್‌ಮೆಡ್‌ನಿಂದ ಹೆಕ್ಕಿದ ಸಂಬಂಧಗಳ ಡೇಟಾಬೇಸ್ ಆದ ಸೆಮ್‌ಮೆಡ್‌ಡಿಬಿಯಲ್ಲಿ ಅಂಥ ಜೋಡಿಗಳಿವೆ. ಆದರೆ ಅವನ್ನೂ ಯಂತ್ರವೇ ಹೆಕ್ಕಿದ್ದು, ಕಣ್ಣು ಮುಚ್ಚಿ ನಂಬುವ ಹಾಗಿಲ್ಲ ಅಲ್ವಾ?

ಸದ್ಯ 300 ವಾಕ್ಯಗಳಿಗೆ ನಾನೇ ಕೂತು ಗುರುತು ಹಾಕಿದ್ದೇನೆ. ನಾನು ಡಾಕ್ಟರ್ ಅಲ್ಲ, ಹಾಗಾಗಿ ಭಯ. ಗುಂಪಿನಲ್ಲಿರುವ ಡಾಕ್ಟರ್‌ಗಳು ಯಾರಾದರೂ ಒಂದು 50 ವಾಕ್ಯ ನೋಡಿ ತಪ್ಪು ಹೇಳುವಿರಾ? 'ನಂಟು' ಮತ್ತು 'ಕಾರಣ' ಎರಡನ್ನೂ ಬೇರೆ ಬೇರೆ ಲೇಬಲ್ ಮಾಡಿ ಕಲಿಸಿದವರಿದ್ದರೆ ದಯವಿಟ್ಟು ಕಾಮೆಂಟ್ ಮಾಡಿ.