ಮುದ್ದೆ ಉಂಡರೂ ಸಕ್ಕರೆ ಏರುತ್ತಲ್ಲ, ಯಾಕೆ?

ಮಸ್ಸೊಪ್ಪು:
ಸಕ್ಕರೆ ಕಾಯಿಲೆ ಇದ್ದವರು ಅನ್ನ ಬಿಟ್ಟು ಮುದ್ದೆ ಉಣ್ಣಿ ಅಂತಾರೆ. ಆದರೆ ಎರಡು ಮುದ್ದೆ ಉಂಡು ಎರಡು ಗಂಟೆ ಬಿಟ್ಟು ನೋಡಿದರೆ ಅನ್ನ ಉಂಡಷ್ಟೇ ತೋರಿಸುತ್ತೆ. ರಾಗಿಯಲ್ಲಿ ಕಾರ್ಬೋಹೈಡ್ರೇಟ್ ಕಡಿಮೆ ಅಲ್ವಾ?

ತಕ್ಕಡಿ:
ಅಂಥಾ ಕಡಿಮೆ ಏನಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 67 ಗ್ರಾಂ, ಪಾಲಿಶ್ ಅಕ್ಕಿಗೆ 78 ಗ್ರಾಂ. ನಿಜವಾದ ವ್ಯತ್ಯಾಸ ನಾರಿನದು: ರಾಗಿಯಲ್ಲಿ 11, ಅಕ್ಕಿಯಲ್ಲಿ 3 ಗ್ರಾಂ ಹತ್ತಿರ.
ಈಗ ಮುದ್ದೆ ಲೆಕ್ಕ. 120 ಗ್ರಾಂ ಹಿಟ್ಟಲ್ಲಿ ಎರಡು ಮುದ್ದೆ ಕಟ್ಟಿದರೆ ಒಂದೊಂದರಲ್ಲೂ 40 ಗ್ರಾಂ ಕಾರ್ಬೋಹೈಡ್ರೇಟ್. ಬೆಂದ ಅನ್ನ 100 ಗ್ರಾಮಿಗೆ 28. ಅಂದ್ರೆ ನಿಮ್ಮ ಎರಡು ಮುದ್ದೆ ಹೆಚ್ಚುಕಮ್ಮಿ 285 ಗ್ರಾಂ ಅನ್ನಕ್ಕೆ ಸಮ. ಕೈಯಳತೆ ನಂಬಬೇಡಿ, ಹಿಟ್ಟನ್ನೇ ತೂಗಿ.
ಇನ್ನೊಂದು: ಈ 67ರಲ್ಲಿ ನಾರು ಸೇರಿಲ್ಲ. ಅಮೆರಿಕದ ಪೊಟ್ಟಣಗಳಲ್ಲಿ ಸೇರಿಸಿ ಬರೀತಾರೆ, ಅಲ್ಲಿ ಕಳೀಬೇಕು. ಇಲ್ಲೂ ಕಳೆದರೆ ಲೆಕ್ಕ ಕೆಡುತ್ತೆ.

ಬೀಸೋಕಲ್ಲು:
ಹಿಟ್ಟು ಹೇಗಿದೆ ಅನ್ನೋದೂ ಮುಖ್ಯ. ಬಟ್ಟೇಲಿ ಸೋಸಿದ ನುಣ್ಣನೆ ಹಿಟ್ಟಲ್ಲಿ ಹೊಟ್ಟು ಹೋಗಿರುತ್ತೆ, ಪಿಷ್ಟ ಬೇಗ ಕರಗುತ್ತೆ. ಮಿಲ್ಲಲ್ಲಿ ಸ್ವಲ್ಪ ತರಿಯಾಗಿ ಬೀಸಿಸಿ, ಜರಡಿ ಹಿಡೀಬೇಡಿ. ಮೊಳಕೆ ಕಟ್ಟಿದ ರಾಗಿಯ ಮಾಲ್ಟ್ ಅಂತೂ ಇನ್ನೂ ಬೇಗ ಏರಿಸುತ್ತೆ. ಮೊಳಕೆಯಲ್ಲಿ ಹುಟ್ಟೋ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಅನ್ನೋ ಸಕ್ಕರೆ ಮಾಡಿಬಿಡುತ್ತೆ, ಗಂಜಿ ತೆಳ್ಳಗಾಗೋದು ಅದಕ್ಕೇ. ಕೂಸಿಗೆ ಒಳ್ಳೇದು, ಸಕ್ಕರೆ ಕಾಯಿಲೆಗಲ್ಲ. ಬೆಲ್ಲ ಹಾಕಿದರಂತೂ ಕೇಳಲೇಬೇಡಿ.
ಒಂದೇ ಮುದ್ದೆ, ಜೊತೆಗೆ ಹುರುಳಿಕಾಳು ಬಸ್ಸಾರು, ಹಿಂಡಿದ ಕಾಳು-ಸೊಪ್ಪಿನ ಪಲ್ಯ ಎರಡು ಸೌಟು. ಆಲೂಗಡ್ಡೆ ಪಲ್ಯ ಬೇಡ, ಅದೂ ಪಿಷ್ಟವೇ.

ಮಸ್ಸೊಪ್ಪು:
ಹಾಗಾದ್ರೆ ರಾತ್ರಿ ಮುದ್ದೆಯನ್ನೇ ಬಿಟ್ಟು ಬರೀ ಸಾರು ಕುಡಿದರೆ?

ಗುಳಿಗೆ ಡಬ್ಬಿ:
ಇನ್ಸುಲಿನ್ ಅಥವಾ ಸಕ್ಕರೆ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳದೆ ಹಾಗೆ ಮಾಡಬಾರದು. ಮದ್ದಿನ ಅಳತೆ ಅಷ್ಟೇ ಇದ್ದು ಊಟ ಇಳಿದರೆ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು: ಬೆವರು, ನಡುಕ, ಮಂಪರು. ಆಗ ಮುದ್ದೆ ಉಪಯೋಗಕ್ಕೆ ಬರಲ್ಲ, ನಿಧಾನ. ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.
ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಕೂಡ ನಡೀತಿದ್ದರೆ ಸಕ್ಕರೆ ನೀರು ಬೇಗ ಕೆಲಸ ಮಾಡಲ್ಲ, ಆ ಮಾತ್ರೆ ಸಕ್ಕರೆ ಒಡೆಯೋದನ್ನೇ ತಡೆಯುತ್ತೆ. ಅಂಥವರ ಮನೇಲಿ ಗ್ಲೂಕೋಸ್ ಪುಡಿಯೇ ಇರಬೇಕು.